ಪದ್ಮಾ ಆರಿಸಿದ ಒಂದು ವರ್ಷ

ಮುಧೋಳದಿಂದ ರಬಕವಿಗೆ ಮರಳುತ್ತಿದ್ದೆ. ರನ್ನ ಬೆಳಗಲಿ ಬರುವಷ್ಟರಲ್ಲಿ ಫೋನಿನೊಳಗಿನ ದಾರಿ ತೋರಿಸುವ ಹೆಂಗಸು ಮಾತಿನ ನಡುವೆಯೇ ಸುಮ್ಮನಾದಳು. ಗಾಡಿ ಬದಿಗೆ ನಿಲ್ಲಿಸಿ ನೋಡಿದರೆ ನಕ್ಷೆಯ ಚಂದಾ ಮುಗಿದಿತ್ತು. ವರ್ಷ ವರ್ಷ ಕಟ್ಟುತ್ತೀರೋ, ಒಂದೇ ಸಲ ಕೊಂಡು ಕಾಯಂ ಇಟ್ಟುಕೊಳ್ಳುತ್ತೀರೋ ಎಂದು ಪರದೆ ಕೇಳುತ್ತಿತ್ತು. ನೀವಾಗಿದ್ದರೆ ಥಟ್ಟನೆ ಒಂದನ್ನು ಒತ್ತಿ ಮುಂದೆ ಹೋಗುತ್ತಿದ್ದಿರಿ. ನಾನು ಗಾಜು ಇಳಿಸಿಕೊಂಡು ಕೂತುಬಿಟ್ಟೆ. ಇದೇ ಪ್ರಶ್ನೆಗೆ ನಾನೂ ಪದ್ಮಾನೂ ಒಮ್ಮೆ ದೊಡ್ಡ ಜಗಳವಾಡಿದ್ದೆವು.

ಪದ್ಮಾ ತೇರದಾಳದ ಜೈನರ ಮಗಳು. ಮದುವೆ ಬೇಡವೆಂದು ನಮ್ಮ ಓಣಿಯಲ್ಲಿ ಅಕ್ಕನ ಮನೆಯಲ್ಲಿದ್ದಳು. ಬನಹಟ್ಟಿಯ ಮಗ್ಗದ ಸೀರೆ ತಂದು ಮುಧೋಳ, ಬೀಳಗಿ ಕಡೆ ಮನೆಮನೆಗೆ ಮಾರುವುದು ನಮ್ಮಿಬ್ಬರ ಧಂದೆ. ನಲವತ್ತು ದಾಟಿದ ಮೇಲೆ ಹಳೆಯ ಕಾರು ಕೊಂಡು, ನಾನು ಓಡಿಸಲು ಕಲಿತೆ. ನನಗೆ ದಿಕ್ಕಿನ ಜ್ಞಾನ ಮೊದಲಿಂದಲೂ ಅಷ್ಟಕ್ಕಷ್ಟೆ. ಸ್ವಂತ ಓಣಿಯಲ್ಲಿ ದಾರಿ ತಪ್ಪಿದವಳೆಂದು ಮನೆಯಲ್ಲಿ ಈಗಲೂ ನಗುತ್ತಾರೆ. ಹಾಗಾಗಿ ಫೋನಿನ ನಕ್ಷೆ ಬೇಕೇ ಬೇಕಾಯಿತು.

“ಒಂದ ಸಲ ತಗೊಂಡ್ರ ಮುಗದಹೋತು, ಸಾಯೂತನಕ ಚಿಂತಿಲ್ಲ,” ಎಂದೆ.

“ಹೊಸಾ ರಸ್ತಾ ಆದ್ರ ನಿನ್ನ ಹಳೇ ನಕ್ಷಾಕ್ಕ ಹೆಂಗ ಗೊತ್ತಾಗಬೇಕು? ಒಂದ ವರ್ಷದ್ದು ಸಾಕು.”

“ಆಮ್ಯಾಲ?”

“ಆಮ್ಯಾಲ ನೀ ಎಲ್ಲಿರತಿ, ನಾ ಎಲ್ಲಿರತೀನಿ, ಯಾರಿಗ್ಗೊತ್ತಬೇ.”

ಹಟಕ್ಕೆ ಬಿದ್ದರೆ ಅವಳೇ ಗೆಲ್ಲುವವಳು. ಗೆದ್ದಳು.

ಆ ವರ್ಷ ನಾವು ತಿರುಗಿದಷ್ಟು ಯಾವತ್ತೂ ತಿರುಗಿರಲಿಲ್ಲ. ಮಾರಾಟವಿಲ್ಲದ ದಿನವೂ ಪದ್ಮಾ ಏನಾದರೂ ನೆಪ ತೆಗೆದು ಹೊರಡಿಸುತ್ತಿದ್ದಳು. ಫೋನು “ಬಲಕ್ಕೆ ತಿರುಗಿ” ಎಂದರೆ “ಆತವ್ವ, ತಿರಗತೇವಿ, ಒದರಬ್ಯಾಡ” ಎನ್ನುವಳು. ಒಂದು ಸಂಜೆ ಬೀಳಗಿಯ ಆಚೆ ಅದನ್ನೇ ನಂಬಿ ಹೋದರೆ, ರಸ್ತೆ ಸೀದಾ ಹಿನ್ನೀರಿನೊಳಗೆ ಇಳಿದಿತ್ತು. ಹೊತ್ತು ಮುಳುಗುವ ಮುಂಚೆ ಉಣ್ಣುವುದು ಅವಳ ನೇಮ. ಅಲ್ಲೇ ಕಲ್ಲಿನ ಮೇಲೆ ಕೂತು ರೊಟ್ಟಿ, ಅಗಸಿ ಹಿಂಡಿ ಬಿಚ್ಚಿದೆವು. ಉಂಡು ಕೈ ತೊಳೆದ ಮೇಲೆ ಹೇಳಿದಳು:

“ನಾ ದೀಕ್ಷಾ ತಗೋತೀನಿ.”

ಚೇಷ್ಟೆಯೆಂದುಕೊಂಡು ನಕ್ಕೆ. “ದೀಕ್ಷಾ ತಗೊಂಡ್ರ ಗಾಡಿ ಹತ್ತಂಗಿಲ್ಲಲೇ!”

“ಗೊತ್ತೈತಿ. ಅದಕ್ಕ ಈ ವರ್ಷ ನಿನ್ನ ಜೋಡಿ ಇಷ್ಟ ತಿರಗೀನಿ.”

ನಾನು ಅತ್ತೆ, ಬೈದೆ, ಕೆಲವು ದಿನ ಮಾತು ಬಿಟ್ಟೆ. ಅವಳು ಕದಲಲಿಲ್ಲ. ಬಿಳಿ ಸೀರೆ, ಹುಳು ಸರಿಸುವ ನವಿಲುಗರಿಯ ಪಿಂಛಿ, ಬೇರೆ ಹೆಸರು. ಬರಿಗಾಲಲ್ಲಿ ಊರಿಂದೂರಿಗೆ ನಡೆಯುವ ಮಾತಾಜಿಯರ ಸಂಘದೊಡನೆ ಹೋಗಿಯೇಬಿಟ್ಟಳು. ಫೋನಿನ ಚಂದಾ ಮುಗಿದಾಗ ಮನೆಯವರೇ ಇನ್ನೊಂದು ವರ್ಷಕ್ಕೆ ಕಟ್ಟಿದರು. ನಾನು ಬೀಳಗಿಯ ಕಡೆ ಹೋಗುವುದನ್ನೇ ಬಿಟ್ಟೆ. ಅಲ್ಲಿಯ ಹೆಂಗಸರು “ಇನ್ನೊಬ್ಬಾಕಿ ಎಲ್ಲಿ?” ಎಂದು ಕೇಳುತ್ತಾರಲ್ಲ, ಆ ಭಯಕ್ಕೆ.

ಹೋದ ಚಳಿಗಾಲ, ಸಂಘ ಹುನ್ನೂರಿನ ಮೇಲೆ ಹಾಯುತ್ತದೆಂದು ಸುದ್ದಿ ಬಂತು. ಹೋದೆ. ಕಬ್ಬಿನ ಹೊಲದ ಪಕ್ಕ ಬಿಳಿ ಸೀರೆಗಳ ಸಾಲು ನಡೆದಿತ್ತು. ದೂರದಲ್ಲೇ ಗಾಡಿ ನಿಲ್ಲಿಸಿ, ಚಪ್ಪಲಿ ಕೈಗೆತ್ತಿಕೊಂಡು ಹಿಂದೆ ಓಡಿದೆ. “ಲೇ ಪದ್ಮಾ” ಗಂಟಲ ತನಕ ಬಂದಿತ್ತು. ಬಾಯಿಂದ ಬಂದದ್ದು ಬೇರೆ.

“ಮಾತಾಜಿ, ಆರಾಮ ಅದೀರೇನ್ರಿ?”

ಅವರು ತಿರುಗಿ ನೋಡಿದರು. ಬಡವಾಗಿದ್ದರು, ನಗು ಮಾತ್ರ ಅದೇ. “ಆರಾಮ. ಬೀಳಗಿ ಕಡೆ ಹೊಕ್ಕಿಯಿಲ್ಲೊ?”

“ಬಿಟ್ಟೀನ್ರಿ.”

ಸ್ವಲ್ಪ ಹೊತ್ತು ಜೊತೆಜೊತೆಯಾಗಿ ನಡೆದೆವು. ಆಮೇಲೆ ನನ್ನ ಕಾಲು ನೋಡಿ, “ಮುಂದ ಖಡಿ ಹಾಕ್ಯಾರ, ಚುಚ್ಚತಾವು. ಚಪ್ಪಲಿ ಹಾಕ್ಕೊ, ಹೋಗು” ಎಂದರು. ನಾನು ನಿಂತೆ. ಅವರು ಆ ಖಡಿ ಕಲ್ಲುಗಳ ಮೇಲೆಯೇ ನಡೆದು ಹೋದರು.

ಇಷ್ಟೆಲ್ಲ ನೆನೆಯುತ್ತ ರನ್ನ ಬೆಳಗಲಿಯ ರಸ್ತೆ ಬದಿಯಲ್ಲಿ ಎಷ್ಟು ಹೊತ್ತು ಕೂತಿದ್ದೆನೋ. ಕಡೆಗೆ ಒಂದು ವರ್ಷದ್ದನ್ನೇ ಒತ್ತಿದೆ. ಯಾವ ಊರಿಗೆ ಎಂದು ಫೋನು ಕೇಳಿತು. ಬೀಳಗಿ ಎಂದು ಬರೆದು ಗಾಡಿ ತಿರುಗಿಸಿದೆ. ಹೆಂಗಸರು ಕೇಳಲಿ. “ನಡಕೋತ ಹೊಂಟಾರ್ರಿ, ಆರಾಮ ಅದಾರ” ಎನ್ನುತ್ತೇನೆ.