ಎಲ್ಲಿಯವರೆಗೆ ಎಂದು ಬರೆಯದ ಅರ್ಜಿ

ನಾಗಪುರದ ಗಾಂಧಿಬಾಗಿನ ಹಿಂದಿನ ಓಣಿಯಲ್ಲಿ ಬೆಳಕು ಹರಿಯುತ್ತಲೇ ನೇಕಾರರ ಮಗ್ಗಗಳು ಖಟಕ್ ಖಟಕ್ ಎನ್ನುತ್ತಿದ್ದವು. ಆ ಸದ್ದಿಗೇ ಏಳುತ್ತಿದ್ದ ಉಮಾಪತಿ ಈಗ ಮೂರು ವಾರದಿಂದ ಅದಕ್ಕೂ ಮೊದಲೇ ಎದ್ದು ಕೂತಿರುತ್ತಿದ್ದ. ಹೆಂಡತಿ ಕಲಾವತಿ ರಾಮದಾಸಪೇಠಿನ ಆಸ್ಪತ್ರೆಯಲ್ಲಿದ್ದಳು. ಒಂದೇ ಚಹಾದ ಕಪ್ಪು ತೊಳೆದಿಡುವುದು ಅವನಿಗಿನ್ನೂ ರೂಢಿಯಾಗಿರಲಿಲ್ಲ.

ಧಾರವಾಡದ ಕಡೆಯವನು, ಸರಕಾರಿ ಕಚೇರಿಯಲ್ಲಿ ಹದಿನೆಂಟು ವರ್ಷದಿಂದ ಗುಮಾಸ್ತ. ಹುದ್ದೆ ಸಣ್ಣದು, ಇಂಗ್ಲಿಷು ದೊಡ್ಡದು. ಯಾರ ಅರ್ಜಿಯಾದರೂ ಅವನ ಮೇಜು ಹಾಯ್ದೇ ಮುಂದೆ ಹೋಗುತ್ತಿತ್ತು. 1956ರ ಆ ಅಕ್ಟೋಬರಿನಲ್ಲಂತೂ ಅಲ್ಲಿ ಸಾಲು ನಿಂತಿತು. ನಾಗಪುರದ ರಾಜಧಾನಿ ಪಟ್ಟ ಹೋಗಲಿತ್ತು. ಅರ್ಧ ಕಚೇರಿಗೆ ಹೊಸ ರಾಜಧಾನಿ ಭೋಪಾಲಕ್ಕೆ ವರ್ಗಾವಣೆ.

"ಹೋಲ್ಡ್ ಇನ್ ಅಬೆಯನ್ಸ್ ಅಂತ ಬರೀರಿ," ಎಂದು ವರ್ಗಾವಣೆ ತಡೆಯಲು ಬಂದವರಿಗೆ ಅವನು ಹೇಳಿಕೊಡುತ್ತಿದ್ದ. "ಕ್ಯಾನ್ಸಲ್ ಅಂದ್ರ ಸಾಹೇಬ್ರು ತಪ್ಪು ಮಾಡ್ಯಾರ ಅಂದಂಗ. ಪೋಸ್ಟ್‌ಪೋನ್ ಅಂದ್ರ ಬ್ಯಾರೆ ತಾರೀಖಿಗೆ ನೀವ ಒಪ್ಪಿದಂಗ. ಇದು ಹಂಗಲ್ಲ, ಆರ್ಡರ್ ಇರ್ತೈತಿ, ಆದ್ರ ನಿದ್ದಿ ಮಾಡ್ತೈತಿ. ಏನು ಮುಗಿಯೂತನಕ ಅನ್ನೂದು ಮಾತ್ರ ಬರೋಬರ್ ಬರೀಬೇಕು. ಇಲ್ಲಂದ್ರ ಕಾಗದ ವಾಪಸ್."

ಒಬ್ಬ ಮಗಳ ಪರೀಕ್ಷೆಯ ತನಕ ಎಂದು ಬರೆದ, ಇನ್ನೊಬ್ಬ ತಾಯಿಯ ಕಣ್ಣಿನ ಆಪರೇಶನ್ ತನಕ. ಆರು ಮಂದಿ ಉಳಿದುಕೊಂಡರು. ಮುಂದಿನ ವರ್ಗಾವಣೆ ಪಟ್ಟಿಯಲ್ಲಿ ಉಮಾಪತಿಯದೇ ಹೆಸರು ಬಂತು. ವಾರದೊಳಗೆ ಹೊರಡಬೇಕು.

ಕಲಾವತಿಯನ್ನು ರೈಲು ಹತ್ತಿಸುವಂತಿಲ್ಲ ಎಂದರು ಡಾಕ್ಟರು. ಹೊರಗೆ ಕರೆದು, ದೀಪಾವಳಿ ದಾಟಿದರೆ ದೊಡ್ಡ ಮಾತು ಎಂದೂ ಹೇಳಿದರು. ಅವಳಿಗೆ ಅದು ಗೊತ್ತಿರಲಿಲ್ಲ.

"ಊರಿಗೆಲ್ಲ ಬರಕೊಡ್ತೀರಿ, ನಿಮ್ಮದು ಬರದ್ರೇನು?" ಎಂದು ಕೆಣಕಿದಳು. "ಮನಿಗೆ ಬಂದ ಮ್ಯಾಲ ಕಿಡಕಿಗೆ ಪಡದಾ ಹಾಕೂಣು. ಬಿಸಲು ಭಾಳ ಬರ್ತೈತಿ."

ಮರುದಿನ ಮಧ್ಯಾಹ್ನವೆಲ್ಲ ಅವನು ಒಂದೇ ಸಾಲಿನ ಮುಂದೆ ಕೂತ. ಗುಣವಾಗುವ ತನಕ ಎಂದರೆ ಸುಳ್ಳು; ಜೊತೆಗಿಡಬೇಕಾದ ಡಾಕ್ಟರ ಸರ್ಟಿಫಿಕೇಟು ಹಾಗೆ ಹೇಳುವುದಿಲ್ಲ. ಇನ್ನೊಂದನ್ನು ತನ್ನ ಕೈಯಿಂದ ಬರೆಯುವುದು ಹೇಗೆ? ಡಿಫರ್ ಎಂದು ಬರೆದು ಹೊಡೆದುಹಾಕಿದ. ಸ್ಟೇ ಎಂದು ಬರೆದ. ಯಾವ ಮಾತು ತಂದಿಟ್ಟರೂ ಅದು ಎಲ್ಲಿಯವರೆಗೆ ಎಂದು ಕೇಳುತ್ತಿತ್ತು. ನಾಲ್ಕೂವರೆಗೆ ಆ ಜಾಗ ಖಾಲಿ ಬಿಟ್ಟೇ ಕಾಗದವನ್ನು ಹೆಡ್ ಕ್ಲಾರ್ಕ್ ವ್ಯಾಸರಾಜರ ಮುಂದಿಟ್ಟ.

ವ್ಯಾಸರಾಜರೂ ಧಾರವಾಡದ ಕಡೆಯವರೇ. ಓದಿ ನಕ್ಕರು. "ಏನೋ ಪಂಡಿತಾ, ಮಂದಿಗೆಲ್ಲ ಪಾಠ ಹೇಳಾಂವ, ನಿನ್ನ ವಾಕ್ಯಕ್ಕ ಬಾಲನ ಇಲ್ಲಲ್ಲ? ಜಲ್ದಿ ಬರಿ. ಸಾಹೇಬ ಐದಕ್ಕ ಹೊಂಟಾನ, ಇವತ್ತು ತಪ್ಪಿದ್ರ ಭೋಪಾಲ."

"ನೀವ ಬರೀರಿ ರಾಯರ."

"ಏನಂತ? ಗುಣ ಆಗೂತನಕ ಅಂತೇನು?"

ಉಮಾಪತಿ ತಲೆ ಅಲ್ಲಾಡಿಸಿದ. ವ್ಯಾಸರಾಜರ ಮುಖದ ನಗು ಇಳಿಯಿತು. ಲೇಖನಿಯನ್ನು ದೌತಿಯಲ್ಲಿ ಅದ್ದಿ ಕಾದರು.

"ದೀಪಾವಳಿತನಕ ಸಾಕ್ರಿ," ಎಂದ ಉಮಾಪತಿ. ಅಕ್ಷರ ಮೂಡುವುದನ್ನು ನೋಡಲಾರದೆ ಬಾಗಿಲಿಗೆ ತಿರುಗಿದ್ದ. "ಆಮ್ಯಾಲ ಎಲ್ಲಿಗೆ ಕಳಿಸಿದ್ರೂ ಹೋಗ್ತೀನಿ, ನನ್ನ ಜೋಡಿ ಆಗ ಅಕಿ…" ಎನ್ನುತ್ತ ಮೆಟ್ಟಿಲಿಳಿದು…