ಅದು ಸುಳ್ಳು, ಯಾಕಂದ್ರ

ನಿಜಾಮರ ಕಾಲದಲ್ಲಿ ಕಮಲಾಪುರದಲ್ಲಿ ಗುರುಲಿಂಗಪ್ಪ ಎಂಬ ಮಾಸ್ತರರಿದ್ದರು. ಹುಡುಗರಿಗೆ ಅವರು ಕಲಿಸುತ್ತಿದ್ದ ಮೊದಲ ಪಾಠ ಹೂಂ ಅನ್ನುವುದು. ಮಗ್ಗಿ ಆಮೇಲೆ. ಹಿರಿಯರಿಗೆ ಎದುರು ಮಾತಾಡಿದವನ ಬೆನ್ನ ಮೇಲೆ ಹುಣಸೆ ಬರಲು ಕುಣಿಯುತ್ತಿತ್ತು. ಊರವರಿಗೆ ಇಂಥ ಮಾಸ್ತರರೇ ಬೇಕಾಗಿತ್ತು. ಮಠದ ಪಡಸಾಲೆ ಬಿಟ್ಟುಕೊಟ್ಟು ಕನ್ನಡ ಶಾಲೆ ನಡೆಸಿಕೊಳ್ಳಿ ಅಂದಿದ್ದರು. ಹೆಂಡತಿ ತೀರಿಹೋದ ಮೇಲೆ ಮಾಸ್ತರರಿಗೆ ಮನೆ, ಮಕ್ಕಳು ಎಲ್ಲ ಆ ಪಡಸಾಲೆಯೇ.

ಆದರೆ ಖಾಸಗಿ ಶಾಲೆಗೆ ಸರಕಾರದ ಇಜಾಜತ್, ಅಂದರೆ ಪರವಾನಗಿ, ಬೇಕು. ಅದಿಲ್ಲದಿದ್ದರೆ ಬಾಗಿಲು ಹಾಕಬೇಕು. ತಪಾಸಣೆಗೆ ಬಂದ ಸಾಹೇಬರು ಕಲಬುರಗಿಯವರೇ, ಕನ್ನಡ ಬಲ್ಲವರು. ಅರ್ಧ ದಿನ ಕೂತು ಹುಡುಗರ ಒಪ್ಪಿಸುವಿಕೆ ಕೇಳಿ ಆಕಳಿಸಿದರು.

“ಮಾಸ್ತರ್, ನಿಮ್ಮ ಬಚ್ಚೇ ಎಲ್ಲಾರೂ ಹೂಂ ಅಂತಾರ. ಅಲ್ಲ ಅನ್ನಾಂವ ಒಬ್ಬನೂ ಇಲ್ಲೇನು? ಇಬ್ಬರನ್ನ ತಯಾರ ಮಾಡಿ ಕಲಬುರಗಿಗಿ ಕರ್ಕೊಂಡು ಬರ್ರಿ. ನನ್ನ ಮುಂದ ವಾದಾ ಮಾಡ್ಲಿ. ಆಮ್ಯಾಲ ಇಜಾಜತ್ ನೋಡೋಣು.”

ಮಾಸ್ತರರು ಪೇಚಿಗೆ ಬಿದ್ದರು. ಇಷ್ಟು ವರ್ಷ ಬರಲಿನಿಂದ ಮುಚ್ಚಿಸಿದ ಬಾಯಿಗಳನ್ನು ಈಗ ಯಾವುದರಿಂದ ತೆರೆಸುವುದು?

ಇಬ್ಬರನ್ನು ಆರಿಸಿದರು. ಒಬ್ಬ ಮಠದ ಜಂಗಮರ ಮಗ ರೇವಯ್ಯ. ಇನ್ನೊಬ್ಬ ಒಕ್ಕಲುತನದ ಅಂಬಮ್ಮನ ಮಗ ಖಂಡೆಪ್ಪ. ಕೂಡಿ ಗೋಲಿ ಆಡಿ, ಕೂಡಿ ಬಾವಿಗೆ ಬಿದ್ದು ಈಜು ಕಲಿತ ಗೆಳೆಯರು. ವಿಷಯ, ಬಾಳೆ ಹೆಚ್ಚೋ ಜೋಳ ಹೆಚ್ಚೋ. ಕೆಂಪು ಬಾಳೆಯ ಊರಿನ ಹುಡುಗರಿಗೆ ಇದಕ್ಕಿಂತ ಹತ್ತಿರದ ಜಗಳ ಬೇರೆ ಯಾವುದಿದೆ? ಬಾಳೆಯ ಪರ ರೇವಯ್ಯ, ಜೋಳದ ಪರ ಖಂಡೆಪ್ಪ. ಮೊದಮೊದಲು ಇಬ್ಬರೂ ಮಗ್ಗಿಯಂತೆ ಒಪ್ಪಿಸಿ, ಕೈಕಟ್ಟಿ ನಿಂತುಬಿಡುತ್ತಿದ್ದರು. ತಲೆ ಚಚ್ಚಿಕೊಂಡ ಮಾಸ್ತರರು ಕೊನೆಗೆ ಒಂದು ಉಪಾಯ ಹೂಡಿದರು. ಎದುರಿನವನು ಏನೇ ಹೇಳಲಿ, ಉತ್ತರ “ಅದು ಸುಳ್ಳು, ಯಾಕಂದ್ರ” ಎಂದೇ ಶುರುವಾಗಬೇಕು.

ಅಲ್ಲಿಂದ ಖಂಡೆಪ್ಪನಿಗೆ ಬಾಯಿ ಬಂತು. “ಅದು ಸುಳ್ಳು, ಯಾಕಂದ್ರ ಬಾಳಿಹಣ್ಣು ತಿಂದು ಯಾಂವ ನೇಗಲಾ ಹೊಡ್ದಾನ? ರೊಟ್ಟಿ ಬೇಕು, ರೊಟ್ಟಿ!” ಪಡಸಾಲೆಯೆಲ್ಲ ನಗೆ. ಅಂಬಮ್ಮ ದೂರು ತಂದಳು.

“ಮಾಸ್ತರ್ರೀ, ಏನ್ ಕಲಿಸೀರಿ ಇಂವಗ? ನೀರು ತಾ ಅಂದ್ರೂ ಅದು ಸುಳ್ಳು ಅಂತಾನ.”

ಮಾಸ್ತರರು ಅಂದು ಹೊಟ್ಟೆತುಂಬ ನಕ್ಕರು. ಶಾಲೆ ಉಳಿಯಿತು ಅಂದುಕೊಂಡರು.

ಕಲಬುರಗಿಗೆ ಹೋಗುವ ಹಿಂದಿನ ವಾರ ರೇವಯ್ಯನಿಗೆ ಅಯ್ಯಾಚಾರವಾಯಿತು. ಜಂಗಮರ ಹುಡುಗ ದೀಕ್ಷೆ ಪಡೆದು ಅಯ್ಯನಾಗುವ ಶಾಸ್ತ್ರ ಅದು. ಆಮೇಲೆ ಅವನಿಗೆ ಮೀಸೆ ಬರಲಿ ಬಿಡಲಿ, ಮುದುಕರೂ ಕಾಲಿಗೆ ಬೀಳಬೇಕು. ಊರೆಲ್ಲ ಸಾಲುಗಟ್ಟಿ ಅವನ ಪಾದ ತೊಳೆದು ಆ ನೀರು ಕುಡಿಯಿತು. ಅಂಬಮ್ಮ ಖಂಡೆಪ್ಪನ ಕತ್ತು ಹಿಡಿದು ಬಗ್ಗಿಸಿದಳು. ಅವನ ಹಿಂದೆ ಮಾಸ್ತರರೂ ಬಾಗಿದರು, ಬೊಗಸೆಯಲ್ಲಿ ನೀರು ಹಿಡಿದು ಕಣ್ಣಿಗೆ ಒತ್ತಿಕೊಂಡು ಕುಡಿದರು. ಹೋಳಿಗೆ ಚೆನ್ನಾಗಿತ್ತು. ತಮ್ಮ ಬುಡಕ್ಕೇ ನೀರು ಬಂದದ್ದು ಪುಣ್ಯಾತ್ಮ ಮಾಸ್ತರರಿಗೆ ಹೊಳೆಯಲಿಲ್ಲ. ಬಂಡಿಯಲ್ಲಿ ಹೋಗುವಾಗ ಖಂಡೆಪ್ಪ ಕೌದಿಯ ಜಾಗವನ್ನು ರೇವಯ್ಯನಿಗೆ ಬಿಟ್ಟು ತಾನು ಹುಲ್ಲಿನ ಮೇಲೆ ಕೂತ. “ನೀರು ಬೇಕೇನ್ರೀ ಅಯ್ನೋರ?” ಎಂದು ಕೇಳಿದ. ಹುಡುಗನಿಗೆ ಎಂಥ ವಿನಯ ಬಂತು ಎಂದು ಮಾಸ್ತರರು ಹಿಗ್ಗಿದರು.

ಶರಣಬಸವೇಶ್ವರನಿಗೆ ಕೈಮುಗಿದು ಕಚೇರಿಗೆ ಹೋದರು. ರೇವಯ್ಯ ಎದ್ದು ನಿಂತು ದೇವರ ನೈವೇದ್ಯಕ್ಕೆ ಬಾಳೆಯೇ ಬೇಕೆಂದು ಲೀಲಾಜಾಲವಾಗಿ ಮಾತಾಡಿದ. ಸಾಹೇಬರು ಖಂಡೆಪ್ಪನತ್ತ ತಿರುಗಿದರು.

ಖಂಡೆಪ್ಪ ಕೈಮುಗಿದ. “ಅಯ್ನೋರು ಹೇಳಿದ್ದು ಖರೇ ಅದರೀ.”

ಸಾಹೇಬರು ಒಳ್ಳೆಯವರು, ನೀನೇ ಮೊದಲು ಮಾತಾಡು ಅಂದರು. ಖಂಡೆಪ್ಪ ಜೋಳದ ಬಗ್ಗೆ ಅಚ್ಚುಕಟ್ಟಾಗಿ ಹೇಳಿದ. ಮಾಸ್ತರರಿಗೆ ಹೋದ ಜೀವ ಬಂತು. ರೇವಯ್ಯ ಎದ್ದು “ಅದು ಸುಳ್ಳು” ಅಂದ. ಮುಂದೆ “ಯಾಕಂದ್ರ” ಅನ್ನುವಷ್ಟರಲ್ಲಿ ಖಂಡೆಪ್ಪ ತಲೆ ತಗ್ಗಿಸಿ, “ಹೌದ್ರೀ, ಸುಳ್ಳೇ ಅದರೀ” ಅಂದುಬಿಟ್ಟ.

“ಖಂಡ್ಯಾ, ನಿನ್ನ ಕೈ ಮುಗೀತೀನೋ,” ಮಾಸ್ತರರ ದನಿ ಒಡೆದಿತ್ತು. “ಶಾಲಿ ಮುಳುಗತದ. ಒಂದ ಸರ್ತಿ ಅನ್ನೋ.”

ರೇವಯ್ಯನೂ ಗೋಗರೆದ. “ನಾನೇ ಹೇಳಾಕತ್ತೀನಲ್ಲೋ, ನನಗ ಸುಳ್ಳ ಅನ್ನೋ.”

ಖಂಡೆಪ್ಪ ಬಿಕ್ಕಿದ. “ಪಾದದ ನೀರು ಕುಡ್ದೀನ್ರೀ. ನಾಲಿಗಿ ಏಳವಲ್ದು.”

ಸಾಹೇಬರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. “ಮಾಸ್ತರ್, ನೀವು ಒಂದು ಸರ್ತಿ ಆ ಬಾಳಿ ಹುಡುಗಗ ಅದು ಸುಳ್ಳು ಅಂತ ಹೇಳಿ ತೋರಿಸ್ರಿ. ನಿಮ್ಮನ್ನ ನೋಡಿ ಇಂವ ಅಂತಾನ.”

ಎಷ್ಟು ಸುಲಭ! ಎರಡೇ ಮಾತು. ಗುರುಲಿಂಗಪ್ಪ ಮಾಸ್ತರರು ರೇವಯ್ಯನ ಎದುರು ನಿಂತರು. ಖಂಡೆಪ್ಪ ಅಳು ನಿಲ್ಲಿಸಿ ಅವರ ತುಟಿಯನ್ನೇ ನೋಡಿದ. ಮಾಸ್ತರರು ಬಾಯಿ ತೆರೆದರು. ಅವರ ಕಣ್ಣು ರೇವಯ್ಯನ ಮುಖ ಬಿಟ್ಟು ಪಾದಕ್ಕೆ ಜಾರಿತು, ಅಲ್ಲಿಂದ ಮೇಲೆ ಬರಲಿಲ್ಲ. ಬಾಯಿ ಹಾಗೇ ಮುಚ್ಚಿತು.

ಸಾಹೇಬರು ನಿಟ್ಟುಸಿರು ಬಿಟ್ಟು ಅರ್ಜಿಯನ್ನು ಪಕ್ಕಕ್ಕಿಟ್ಟರು.

ಪಡಸಾಲೆಗೆ ಬೀಗ ಬಿತ್ತು. ಖಂಡೆಪ್ಪ ನೇಗಿಲು ಹಿಡಿದ. ಮಾಸ್ತರರು ಕಲಬುರಗಿಯ ಗಂಜ್ ಪೇಟೆಯಲ್ಲಿ ತೊಗರಿ ವ್ಯಾಪಾರಿಯ ಅಂಗಡಿ ಸೇರಿ, ಚೀಲ ಹೊಲಿಸುತ್ತ, ತೂಕ ಕೂಗುತ್ತ ಮುದುಕರಾದರು. ಒಂದು ದಿನ ಮಠದ ದಾಸೋಹಕ್ಕೆ ಬೇಳೆ ಕೇಳುತ್ತ ಒಬ್ಬ ಅಯ್ಯನವರು ಅಂಗಡಿಗೆ ಬಂದರು. ತುಂಬು ಗಡ್ಡದ ರೇವಯ್ಯ. ಮಾಸ್ತರರ ಗುರುತು ಸಿಕ್ಕು ರೇವಯ್ಯನವರ ಕಣ್ಣು ಒದ್ದೆಯಾಯಿತು.

“ಮಾಸ್ತರ್ರೀ, ಅದನ್ನೇ ಮನಸಿನ್ಯಾಗ ಇಟ್ಕೊಂಡು ಕೊರಗಬ್ಯಾಡ್ರಿ. ಅವತ್ತಿನ ತಪ್ಪು ನಿಮ್ದಲ್ಲ.”

ಅದು ಸುಳ್ಳು, ಯಾಕಂದ್ರ. ಮಾತು ಗಂಟಲ ತನಕ ಬಂತು. ಯಾಕೆ ಅನ್ನುವುದೂ ಗೊತ್ತಿತ್ತು, ಇಷ್ಟು ವರ್ಷ ದಿನಾಲೂ ಅದನ್ನೇ ಒಳಗೊಳಗೆ ಒಪ್ಪಿಸಿಕೊಂಡಿದ್ದರು. ತೊಗರಿಯ ಧೂಳಿನ ಕೈಗಳನ್ನು ಧೋತರಕ್ಕೆ ಒರೆಸಿಕೊಂಡು ಅವರು ಬಾಗಿ ಆ ಪಾದ ಮುಟ್ಟಿದರು.

“ಖರೇ ಅದರೀ, ಅಯ್ನೋರ,” ಅಂದರು.