ಮಗಳ ಲೇಬಲ್ ಹಚ್ಚಿದ ಜಪಾನೀ ಪುಸ್ತಕ

ದೊಡ್ಡವರಿಗಾಗಿ ಚಿತ್ರಕತೆ ಬರೆದ ಜಪಾನಿನ ಒಬ್ಬ ಕಲಾವಿದನ ಹುಚ್ಚು ನನಗೆ ಹಿಡಿದದ್ದು ಕುವೈತಿಗೆ ಬಂದ ಮೇಲೆ. ಕಾಮಿಕ್ಸ್ ಎಂದರೆ ಮಕ್ಕಳಾಟಿಕೆ ಎಂದು ಅವನ ದೇಶವೇ ತಿಳಿದಿದ್ದ ಕಾಲದಲ್ಲಿ, ಇಕ್ಕಟ್ಟಿನ ಕೋಣೆಗಳಲ್ಲಿ ಒಂಟಿಯಾಗಿ ಬದುಕುವ ಕೂಲಿಯವರ ಚಿತ್ರ ಬರೆದವನು ಅವನು. ಆಗ ನಾನು ಅಲ್ಲಿನ ಅರ್ದಿಯಾ ಎಂಬ ಊರಿನ ಗೋದಾಮಿನಲ್ಲಿ ಸ್ಟೋರ್‌ಕೀಪರ್; ಒಂದೇ ಕೋಣೆಯಲ್ಲಿ ಎಂಟು ಜನ ಮಲಗುತ್ತಿದ್ದೆವು. ಇಂಗ್ಲಿಷ್ ಅನುವಾದದಲ್ಲಿ ಅವನನ್ನು ಓದಿದಾಗ, ನಮ್ಮ ಕೋಣೆಯನ್ನು ಇವನು ಯಾವಾಗ ನೋಡಿಹೋದ ಅನ್ನಿಸಿತು.

ಕಳೆದ ರಜೆಯಲ್ಲಿ ಮಂಗಳೂರಿನಲ್ಲಿ ಅವನ ಇನ್ನೊಂದು ಅನುವಾದ ಸಿಕ್ಕಿತು. ಅದರ ನಾಲ್ಕನೆಯ ಕತೆಯಲ್ಲಿ ಸ್ನಾನದ ಮನೆ, ಮೈಮೇಲೆ ನೂಲಿಲ್ಲದ ಹೆಂಗಸರು. ಬಿಟ್ಟುಬರಲು ಮನಸ್ಸಿಲ್ಲ, ಅಂಥ ಚಿತ್ರಗಳಿಗೆ ನಿಷೇಧವಿರುವ ಕುವೈತಿಗೆ ತರಲು ಧೈರ್ಯವಿಲ್ಲ. ಕೇಸಾದರೆ ಇಕಾಮಾ, ಅಂದರೆ ಅಲ್ಲಿ ವಾಸಿಸುವ ಪರವಾನಗಿಯೇ ಹೋಯಿತು, ಗಂಟುಮೂಟೆ ಕಟ್ಟಬೇಕಾದೀತು ಎಂಬ ಹೆದರಿಕೆ. ಕೊನೆಗೆ ದೊಡ್ಡ ಬುದ್ಧಿವಂತಿಕೆ ಮಾಡಿದೆ. ಶಾಲೆಯ ಪುಸ್ತಕಗಳಿಗೆ ಹಾಕುವಂತೆ ಬ್ರೌನ್ ಪೇಪರಿನ ಬೈಂಡ್ ಹಾಕಿ, ಈಗ ಕುವೈತಿನಲ್ಲಿ ನನ್ನ ಜೊತೆಗೇ ಇದ್ದು ಹತ್ತನೆಯ ಕ್ಲಾಸು ಓದುವ ಮಗಳ ಹೆಸರಿನ ಲೇಬಲ್ ಅಂಟಿಸಿದೆ. ಅವಳಿಗೆ ಹೇಳಲಿಲ್ಲ.

ಕುವೈತಿನ ಏರ್‌ಪೋರ್ಟಿನಲ್ಲಿ ನಮ್ಮ ಸೂಟ್‌ಕೇಸ್ ಬಿಚ್ಚಿಸಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅಧಿಕಾರಿ ಹಪ್ಪಳದ ಕಟ್ಟು ಎತ್ತುತ್ತಿದ್ದರೆ ನನ್ನ ಕಣ್ಣು ಪುಸ್ತಕದ ಮೇಲೇ. ಅವನೂ ಅದನ್ನೇ ಎತ್ತಿಕೊಂಡ. ಲೇಬಲ್ ಓದಿ ಮಗಳ ಕಡೆ ತಿರುಗಿದ.

"ಯುವರ್ ಬುಕ್?"

ಆ ಪುಸ್ತಕವನ್ನು ಅವಳು ಕಂಡೇ ಇರಲಿಲ್ಲ. ನನ್ನ ಮುಖ ನೋಡಿದಳು. ನಾನು ಹಪ್ಪಳದ ಕಟ್ಟಿನ ಕಡೆ ನೋಡಿದೆ. "ಯೆಸ್," ಎಂದಳು.

ಜಪಾನೀ ಪುಸ್ತಕ ಇಂಗ್ಲಿಷಿಗೆ ಬಂದರೂ ಬಲದಿಂದ ಎಡಕ್ಕೆ ಸಾಗುತ್ತದೆ, ಅರಬ್ಬಿಯಂತೆಯೇ. ನಾನು ಮೊದಮೊದಲು ತಲೆಕೆಡಿಸಿಕೊಂಡಿದ್ದ ಪುಸ್ತಕವನ್ನು ಅವನು ಸಲೀಸಾಗಿ ಸರಿಯಾದ ಕಡೆಯಿಂದಲೇ ತೆರೆದ. ಮೊದಲನೆಯ ಕತೆ, ಎರಡನೆಯದು. ಮೂರನೆಯ ಕತೆಯ ನಡುವೆ ಅವನಿಗೇ ಬೇಜಾರು ಬಂದಿರಬೇಕು.

"ಸ್ಕೂಲ್?"

ಮಗಳು ತಲೆಯಾಡಿಸಿದಳು.

"ಖಲಾಸ್, ಯಲ್ಲಾ," ಮುಗಿಯಿತು, ನಡೆಯಿರಿ ಎಂದು ಪುಸ್ತಕವನ್ನು ಹಪ್ಪಳದ ಮೇಲೆ ಎಸೆದ.

ಖೈತಾನಿನಲ್ಲಿರುವ ನಮ್ಮ ಮನೆಗೆ ಹೋಗುವ ಟ್ಯಾಕ್ಸಿಯಲ್ಲಿ ಅವಳು ಪುಸ್ತಕ ಕೇಳಿ ತೆಗೆದುಕೊಂಡು, ಸ್ನಾನದ ಮನೆಯ ಪುಟದವರೆಗೂ ತಿರುವಿ ಮುಚ್ಚಿದಳು. ನನಗೆ ಏರ್‌ಪೋರ್ಟಿಗಿಂತ ಹೆಚ್ಚು ಹೆದರಿಕೆಯಾಯಿತು.

"ಪಪ್ಪ, ಅವ್ರು ನನ್ನನ್ನು ಒಳಗೆ ಕರ್ಕೊಂಡು ಹೋಗಿದ್ರೆ, ಬುಕ್ ನಿಮ್ದು ಅಂತ ಹೇಳ್ತಿದ್ರಾ?"

ಹೇಳುತ್ತಿದ್ದೆ ಎಂದೆ. ಆದರೆ ಹಾಗೆನ್ನಲು ನನಗೆ ಒಂದು ಸಿಗ್ನಲ್ ದಾಟುವಷ್ಟು ಹೊತ್ತು ಬೇಕಾಯಿತು, ಅಷ್ಟರಲ್ಲಿ ಅವಳು ಕಿಟಕಿಯ ಕಡೆ ತಿರುಗಿದ್ದಳು.